ಬೀಗರ ಹೊಲದಾಗ ಅಳಿಲಿನ ಸಾರು

ಅಳಿಲಿನ ಮಾಂಸ ನಾರೂದಿಲ್ಲ, ಸುಲಿಯಾಕ ಬಾರದವರ ಕೈ ನಾರತೈತಿ. ತಾಳಿಕೋಟಿ ಹಾದ್ಯಾಗ ಬಸ್ಸಿಳಿದು ಬೀಗರ ಹೊಲದ ಮನಿಗೆ ಹೋಗಿದ್ದೆ. ಅಲ್ಲಿ ಬ್ಯಾಟಿ ಅಡಗಿ ಗಂಡಸರದ್ದ, ನಮ್ಮಂಥ ಹೆಂಗಸರು ಮುಟ್ಟಂಗಿಲ್ಲ. ಅವರ ಸೊಸಿ, ನನ್ನ ಬಸುರಿ ಮಗಳು, ಬಯಸಿದ್ದಳಂತ ಬೀಗರು ಅಳಿಲಿನ ಸಾರು ಮಾಡಿದ್ದರು. ಅದರಾಗ ಕೂದಲಾ ತೇಲತಿದ್ದವು. ಮಗಳು ವಾಸನಿಗೇ ಎದ್ದು ಹೋದಳು.

"ಇನ್ನೆರಡು ಅಳಿಲ ಅದಾವಲ್ಲ, ಕೊಡ್ರಿ ಇಲ್ಲೆ," ಅಂದೆ.

"ಬ್ಯಾಟಿ ಅಡಗಿ ನಿಮಗೇನ ತಿಳೀತೈತ್ರಿ?" ಅಂದರು ಬೀಗರು.

"ನಿಮಗ ತಿಳಿದದ್ದು ಗಂಗಾಳದಾಗ ಕಾಣಾಕತ್ತೈತ್ರಿ."

ಕೂದಲು ಮಾಂಸಕ್ಕ ಹತ್ತಬಾರದಂತ ತೊಗಲು ತೋಯಿಸಿ ಸುಲಿದೆ. ಕುಸುಬಿ ಎಣ್ಣಿ, ಬಳ್ಳೊಳ್ಳಿ, ಖಾರ, ಅಷ್ಟ. ಎಳೀ ಕೋಳಿಗಿಂತ ಮೆತ್ತಗಿತ್ತು. ಮಗಳು ಎಲುಬು ಸೈತ ಚೀಪಿದಳು. ಬೀಗರೂ ಗಂಗಾಳ ಮುಂದ ಚಾಚಿದರು.

ಮರುದಿನ ಮುಂಜಾನೆ ಬಸ್ಸು ಬರೂದರಾಗ ಬೀಗರು ಬ್ಯಾಟಿಯಾಡಿ ತಂದಿದ್ದ ಮೊಲಾ ಸುಲಿಯೂದು ಮಗಳಿಗೆ ಕಲಿಸಿದೆ. ತೊಗಲು ತೋಯಿಸಾಕ ನೀರಿನ ತಂಬಿಗಿ ಬೀಗರೇ ಹಿಡಿದಿದ್ದರು.