ಗಿಟಾರಿಗೆ ಹಚ್ಚಿದ ಜವಾರಿ

ನಮ್ಮದು ಪ್ರೋಗ್ರೆಸಿವ್ ರಾಕ್ ಬ್ಯಾಂಡ್ ಎಂದರೆ ಮಿರಜಿನಲ್ಲಿ ಜನ ಮೊದಲು ಕೇಳುತ್ತಿದ್ದದ್ದು, "ಮದುವಿ ವರಾತಿಗೆ ಬರ್ತೀರೇನ್ರಿ?" ಆಮೇಲೆ ಕುಳಿತು ವಿವರಿಸಬೇಕು: ಇದು ಕುಣಿಯುವ ಸಂಗೀತವಲ್ಲ ಮಹಾರಾಯರೇ, ಕೇಳುವ ಸಂಗೀತ. ತಾಳ ನಡುನಡುವೆ ಬದಲಾಗುತ್ತದೆ, ಪಲ್ಲವಿ ಎರಡನೇ ಸಲ ಬರುವುದೇ ಇಲ್ಲ, ಒಂದು ಹಾಡು ಮುಗಿಯುವಷ್ಟರಲ್ಲಿ ಪ್ಯಾಸೆಂಜರ್ ಗಾಡಿ ಮಿರಜ ಬಿಟ್ಟು ಸಾಂಗಲಿ ಮುಟ್ಟಿರುತ್ತದೆ. ಇಷ್ಟನ್ನೂ ಕೇಳಿಸಿಕೊಂಡವರು ತಲೆಯಾಡಿಸಿ, "ಹಂಗಾರ ಕೂಸಿಗೆ ಹೆಸರಿಡೂ ದಿನ ಬರ್ರಿ," ಎನ್ನುತ್ತಿದ್ದರು.

ಸಂಗೀತದ ಹಿನ್ನೆಲೆ ಏನು ಎಂದು ಯಾರಾದರೂ ಕೇಳಿದರೆ ಗಂಟಲು ಸರಿಮಾಡಿಕೊಂಡು ಸುಳ್ಳು ಹೇಳುತ್ತಿದ್ದೆವು. ನಿಜ ಬೇರೆಯೇ ಇತ್ತು. ನಾನು ಬೇಸ್ ಗಿಟಾರ್. ಸಮಡೋಳಿಯ ಬಸದಿಯಲ್ಲಿ ಪೂಜೆಯ ಹೊತ್ತಿಗೆ ಝಾಂಜ್ ಎಂಬ ದೊಡ್ಡ ಕಂಚಿನ ತಾಳ ಬಡಿದು ಬೆಳೆದವನು. ಅದಕ್ಕೂ ನನ್ನ ಕಾಕಾ, "ಸಾವಕಾಶ ಬಾರಿಸೋ, ದೇವರಿಗೆ ಕಿವಿ ಅದಾವು," ಎಂದು ಗದರುತ್ತಿದ್ದರು. ಡ್ರಮ್ಮರ್ ಸಾಂಗ್ಲಿವಾಡಿಯವನು, ಮಾಮಾ ನಡೆಸುವ ಮದುವೆ ಬ್ಯಾಂಡಿನಲ್ಲಿ ಪಳಗಿದವನು. ಏಳು ಮಾತ್ರೆಯ ತಾಳವನ್ನು ನಿದ್ದೆಗಣ್ಣಲ್ಲೂ ಬಾರಿಸಬಲ್ಲ, ಆದರೆ ಗುಂಪು ಕಂಡರೆ ಸಾಕು, ಕೈ ತಾನಾಗಿ ವರಾತಿನ, ಅಂದರೆ ಮದುವೆ ಮೆರವಣಿಗೆಯ ತಾಳಕ್ಕೆ ಜಾರುತ್ತಿತ್ತು. ಕೀಬೋರ್ಡಿನವಳು ಮಿರಜ ಪೇಟೆಯ ಬಟ್ಟೆ ವ್ಯಾಪಾರಿಯ ಮಗಳು. ಅಜ್ಜಿ ವಚನ ಹಾಡುವಾಗ ಹಾರ್ಮೋನಿಯಂ ನುಡಿಸಿ ಕಲಿತಿದ್ದಳು. ಹಾರ್ಮೋನಿಯಮ್ಮಿಗೆ ಎಡಗೈಯಿಂದ ಗಾಳಿ ಹಾಕಬೇಕಲ್ಲ, ಆ ರೂಢಿಗೆ ಕೀಬೋರ್ಡಿನ ಮುಂದೆಯೂ ಅವಳ ಎಡಗೈ ಸುಮ್ಮನೆ ಗಾಳಿ ಹಾಕುತ್ತಲೇ ಇರುತ್ತಿತ್ತು. ಅದನ್ನು ಎತ್ತಿ ಆಡಿದರೆ, "ನಿನ್ನ ಬೇಸಿಗೂ ಒಂದೀಟು ಗಾಳಿ ಬೇಕಾಗೇತಿ, ಸುಮ್ನ ಕುಂದ್ರು," ಎನ್ನುತ್ತಿದ್ದಳು.

ಉಳಿದವನು ನಮ್ಮ ಗಿಟಾರಿಸ್ಟ್. ಮಿರಜಿನಲ್ಲಿ ಸಿತಾರ, ತಂಬೂರಿ ಮಾಡುವ ಓಣಿಯವನು. ಗಿಟಾರನ್ನೂ ಅಪ್ಪನ ಅಂಗಡಿಯ ಮರದಲ್ಲಿ ತಾನೇ ಕಡೆದಿದ್ದ. ತಂತಿಗಳನ್ನು ಹೊರುವ ಎಲುಬಿನ ಕುದುರೆಯೂ ಅಂಗಡಿಯದೇ. ಪುಣೆಯಿಂದ ತರಿಸಿದ್ದು ತಂತಿಯ ಸದ್ದನ್ನು ಸ್ಪೀಕರಿಗೆ ಮುಟ್ಟಿಸುವ ಪಿಕಪ್ ಒಂದೇ. ನಾವು ನಾಲ್ವರೂ ಸಾಂಗಲಿಯಲ್ಲಿ ನಮ್ಮಪ್ಪನ ಅರಿಶಿನ ಗೋದಾಮಿನಲ್ಲಿ ತಾಲೀಮು ಮಾಡಿ, ಹಳದಿ ಮೂಗು ಹೊತ್ತು ಮನೆಗೆ ಹೋಗುತ್ತಿದ್ದೆವು.

ಗಿಟಾರಿಸ್ಟನ ಅಪ್ಪನಿಗೆ ಧಾರವಾಡ, ಹುಬ್ಬಳ್ಳಿಯ ಗಿರಾಕಿಗಳಿಂದ ಕಲಿತ ಕನ್ನಡ; ಅರ್ಧ ಮರಾಠಿ ಬೆರೆತ ನಮ್ಮ ಮನೆಯ ಕನ್ನಡಕ್ಕಿಂತ ಅದೇ ಮೇಲು. ತಾವು ಮಾಡಿದ ತಂಬೂರಿ ಬಿಟ್ಟರೆ ಜಗತ್ತಿನಲ್ಲಿ ಉಳಿದದ್ದೆಲ್ಲ ಬರೀ ಡಬ್ಬಿ ಎಂಬುದು ಅವರ ಸಿದ್ಧಾಂತ. ಮಗನ ಗಿಟಾರನ್ನು ಒಮ್ಮೆ ಮೀಟಿ, "ಸತ್ತೈತಿ ಇದು," ಎಂದು ಬದಿಗಿಟ್ಟಿದ್ದರು.

ನಮಗೋ ಪುಣೆಗೆ ಹೋಗಿ ಪೂರ್ತಿ ಬ್ಯಾಂಡಿಗೇ ಇಳಿಯಬೇಕೆಂಬ ಹುಚ್ಚು. ನಮ್ಮ ಮೂವರ ಮನೆಯಲ್ಲಿ ಬೈದು, ಹೋಗಲು ಬಿಟ್ಟರು. ಗಿಟಾರಿಸ್ಟ್ ಹೊರಟರೆ ಮಾತ್ರ ಅಂಗಡಿಗೆ ಮುಂದೆ ಯಾರೂ ಇಲ್ಲ. ಅವನಿಲ್ಲದೆ ಬ್ಯಾಂಡೂ ಇಲ್ಲ. ಅವನಪ್ಪ ಒಂದು ಕರಾರು ಹಾಕಿದರು: "ಸಾಂಗಲಿ ಕಾಲೇಜಿನ ಗ್ಯಾದರಿಂಗಿಗೆ ಬಾರಸ್ತೀರಲ್ಲ, ನಾ ಬಂದು ಕೇಳ್ತೇನಿ. ಆವಾಜಿನ್ಯಾಗ ಜೀವ ಇತ್ತಂದ್ರ ಹೋಗು, ತಡಿಯಾಂಗಿಲ್ಲ. ಇಲ್ಲಂದ್ರ ಸೋಮವಾರದಿಂದ ನನ್ನ ಮಗ್ಗಲಾಗ ಕುಂದ್ರಬೇಕು."

ಕಾಲೇಜಿನ ವಾರ್ಷಿಕೋತ್ಸವದ ಆ ದಿನ ಮುಖ್ಯ ಅತಿಥಿಗಳು ಮೈಕು ಬಿಡಲೇ ಇಲ್ಲ. ಶಿಸ್ತಿನ ಬಗ್ಗೆ ಅವರು ಎಷ್ಟು ಮಾತಾಡಿದರೆಂದರೆ ನಮಗೆ ವಾದ್ಯ ಪರೀಕ್ಷಿಸುವ ಹೊತ್ತೂ ಸಿಗಲಿಲ್ಲ. ವೇದಿಕೆ ಹತ್ತಿದ ಕೂಡಲೇ ನಿರೂಪಕಿ ಒಬ್ಬೊಬ್ಬರ ಮುಂದೆ ಮೈಕು ಹಿಡಿದು ಸಂಗೀತದ ಹಿನ್ನೆಲೆ ಕೇಳಿದಳು. ನಾನು ಮುಂಬೈಯ ಗುರುಗಳ ಕಥೆ ಹೇಳಿದೆ. ಗಿಟಾರಿಸ್ಟ್, "ಯಾರೂ ಕಲಿಸಿಲ್ಲ, ಸ್ವಂತ ಕಲಿತಿದ್ದು," ಎಂದು ಮರಾಠಿಯಲ್ಲಿ ಹೇಳಿದ. ಇಸ್ತ್ರಿ ಮಾಡಿದ ಕೋಟು ಹಾಕಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವನಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು.

ಅವನು ಆರೂ ತಂತಿಗೆ ಒಮ್ಮೆಲೇ ಹೊಡೆದ. ಅಯ್ಯಯ್ಯೋ! ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಒಂದು ಸ್ವರ ಮುಗಿಯುವ ಮೊದಲೇ ಇನ್ನೊಂದು ಗುಂಯ್ ಎಂದು ಅದರ ಮೇಲೆ ಹತ್ತುತ್ತಿತ್ತು, ಮೊದಲಿನದು ಇಳಿಯಲೊಲ್ಲದು. ಸ್ಪೀಕರುಗಳು ಊಳಿಟ್ಟವು. ಗಾಬರಿಯಾದ ಡ್ರಮ್ಮರ್ ಸೀದಾ ವರಾತಿನ ತಾಳಕ್ಕೆ ಬಂದ. ಹುಡುಗರು ಎದ್ದು, ರುಮಾಲು ಬಾಯಲ್ಲಿ ಕಚ್ಚಿ ಕುಣಿಯತೊಡಗಿದರು. ಕೀಬೋರ್ಡಿನವಳು ಎರಡೂ ಕೈಯಿಂದ ಗಾಳಿ ಹಾಕುತ್ತಿದ್ದಳು. ಎರಡನೇ ತಾಳಕ್ಕೆ ತಿರುಗುವ ಮೊದಲೇ ನಿರೂಪಕಿ ಬಂದು ಥ್ಯಾಂಕ್ಯೂ ಹೇಳಿ ನಮ್ಮನ್ನು ಇಳಿಸಿದಳು.

ಈ ಗದ್ದಲದ ನಡುವೆ ಒಬ್ಬರೇ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ವೇದಿಕೆಯ ಹಿಂದೆ ಬಂದು ಮಗನ ಹೆಗಲ ಮೇಲೆ ಕೈಯಿಟ್ಟು, "ಜೀವ ಇತ್ತು. ಹೋಗು ಪುಣೆಗೆ," ಎಂದರು.

ಗಿಟಾರನ್ನು ಕಸಿದು ನೋಡಿದೆ. ಕುದುರೆಯ ಮೈಯನ್ನು ಅರದಿಂದ ನವಿರಾಗಿ ತೀಡಿ ಇಳಿಜಾರು ಮಾಡಿದ್ದರು. ತಂಬೂರಿಗೆ ಹೀಗೇ ಮಾಡುತ್ತಾರೆ. ತಂತಿ ಎಲುಬನ್ನು ಸವರಿಕೊಂಡು ಹೋಗಿ ಝೇಂಕಾರ ಹುಟ್ಟುತ್ತದೆ. ಜವಾರಿ ಹಚ್ಚುವುದು ಎಂದು ಅದಕ್ಕೆ ಹೆಸರು. ರಾಕ್ ಗಿಟಾರಿಗೆ ಯಾರಾದರೂ ಜವಾರಿ ಹಚ್ಚುತ್ತಾರೆಯೇ? ನನಗೆ ಪಿತ್ತ ನೆತ್ತಿಗೇರಿತು.

"ಏನ್ ಮಾಡಿದ್ರಿ ಕಾಕಾ ಇದು? ನಮ್ಮ ಮಾನ ಕಳದ್ರಲ್ಲ!"

ಅವರಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ. "ಅಲ್ಲೊ, ಸತ್ತ ಆವಾಜ್ ಕೇಳಿ ಜೀವ ಐತಿ ಅಂತ ನಾ ಹೆಂಗ ಹೇಳ್ಲಿ? ಸುಳ್ಳು ನನ್ನ ಬಾಯಾಗ ಬರಂಗಿಲ್ಲ. ಅದಕ್ಕ ಮುಂಜಾನೆದ್ದು ಇವ ಜಳಕ ಮಾಡೂದ್ರಾಗ ಹಚ್ಚಿದೆ."

ತಾವೇ ಹಾಕಿದ ಕರಾರಿನಲ್ಲಿ ತಾವೇ ಸೋಲಬೇಕೆಂದು ಮುದುಕ ಬೆಳಿಗ್ಗೆ ಅರ ಹಿಡಿದು ಕುಳಿತಿದ್ದರು. ಮಗ ಗಿಟಾರನ್ನು ಚೀಲದಲ್ಲಿ ಹಾಕಿ ಅಪ್ಪನ ಸ್ಕೂಟರಿನ ಹಿಂದೆ ಕುಳಿತ.

ಕೆಟ್ಟ ಕುದುರೆಯ ಬದಲು ಹೊಸ ಕುದುರೆ ಬೇಕಲ್ಲ. ಸಪಾಟು ಕುದುರೆ ಮಾಡಿಕೊಡಲು ಅಪ್ಪ ಸುತರಾಂ ಒಪ್ಪಲಿಲ್ಲ: "ಎಲುಬು ಕೆಡಸಾಕ ನನ್ನ ಕೈ ಏಳಂಗಿಲ್ಲ. ನೀನ ಮಾಡ್ಕೊ." ಸೋಮವಾರ ಅವನೇ ಅಪ್ಪನ ಪಕ್ಕ ಕುಳಿತ. "ಎರಡ ದಿನದ ಕೆಲಸ," ಎಂದು ನನಗೆ ಫೋನ್ ಮಾಡಿದ್ದ. ಆಮೇಲೆ ಎಲುಬಿನ ಗುಣ ತಿಳಿಯಬೇಕು ಅಂದ. ಆಮೇಲೆ ಅಪ್ಪನ ಕಣ್ಣು ಮಂಜಾಗಿದೆ, ಒಂದು ತಂಬೂರಿ ಮುಗಿಸಿಕೊಡುತ್ತೇನೆ ಅಂದ. ಡ್ರಮ್ಮರ್ ವರಾತಿಗೆ ಮರಳಿದ. ಕೀಬೋರ್ಡಿನವಳು ಅಜ್ಜಿಯ ಜೊತೆ ಬೇಡಗ ಎಂಬ ಊರಿನ ವಚನದ ಕಾರ್ಯಕ್ರಮಕ್ಕೆ ಹೋಗಿಬಂದಳು. ಗೋದಾಮಿನಲ್ಲಿ ನಾನೊಬ್ಬನೇ ಸೀನುತ್ತೇನೆ.

ಮೊನ್ನೆ ಅಂಗಡಿಗೆ ಹೋದೆ. ಗಿಟಾರು ತಂತಿಯಿಲ್ಲದೆ ಗೋಡೆಗೆ ತೂಗುತ್ತಿತ್ತು. ಅವನು ತಂಬೂರಿಯ ಕುದುರೆಗೆ ಕಿವಿಯಿಟ್ಟು ಕುಳಿತಿದ್ದ, ತಲೆಯೆತ್ತಲಿಲ್ಲ. ಅಪ್ಪ ನನ್ನನ್ನು ಎದುರಿನ ಚಹಾದಂಗಡಿಗೆ ಕರೆದೊಯ್ದು ಗೊಣಗಿದರು:

"ನಾ ಬಿಟ್ಟೇನಲ್ಲೊ ಅವನ್ನ. ಅವನ ಹೋಗವಲ್ಲ. ನನ್ನ ಸಲುವಾಗಿ ಕುಂತಾನ. ಅದು ನನಗ ಬ್ಯಾಡಾಗೇತಿ."

"ಹಂಗಾರ ಒಂದ ಕೆಲಸ ಮಾಡ್ರಿ ಕಾಕಾ," ಎಂದೆ. ನನಗೆ ನನ್ನ ಬ್ಯಾಂಡು ಬೇಕಾಗಿತ್ತು, ಮುಚ್ಚಿಡುವುದೇನು? "ಅವನ ತಂಬೂರಿ ಸತ್ತೈತಿ ಅನ್ರಿ. ಒಮ್ಮೆ ಅನ್ರಿ, ಸಾಕು. ಸಿಟ್ಟಿಗೆದ್ದು ಪುಣೆ ಗಾಡಿ ಹತ್ತತಾನ."

ಅವರು ಎದ್ದರು. ಹೇಳಿಯೇಬಿಡುವವರಂತೆ ಎರಡು ಹೆಜ್ಜೆ ಹೋದರು. ಅಷ್ಟರಲ್ಲಿ ಒಳಗಿನಿಂದ ತಂಬೂರಿ ನುಡಿಯಿತು. ಅವರು ರಸ್ತೆಯ ನಡುವೆಯೇ ನಿಂತುಬಿಟ್ಟರು. ರಿಕ್ಷಾದವನು ಹಾರ್ನ್ ಬಾರಿಸಿ ಬೈದು ಸುತ್ತಿಕೊಂಡು ಹೋದ. ನನ್ನ ಕಡೆ ತಿರುಗಿದಾಗ ಅವರ ಕಣ್ಣು ತುಂಬಿತ್ತು.

"ಸತ್ತೈತಿ ಅಂತ ಹೆಂಗ ಹೇಳ್ಲಿ?" ಎಂದರು.