ಹನ್ನೆರಡು ಚೀಲದ ಚಿತ್ರ

ಚಿತ್ರ ಬರೆಯಲು ಬರುತ್ತದೆ ಎಂಬ ಜಂಬ ನನಗೆ ಚಿಕ್ಕಂದಿನಿಂದಲೂ ಇತ್ತು. ಶಿಕಾರಿಪುರದ ನಮ್ಮ ಬೀದಿಯಲ್ಲಿ ಯಾರ ಮನೆ ಮದುವೆಯಾದರೂ ಅಂಗಳದ ರಂಗೋಲಿ ನನ್ನದೇ. ಐವತ್ತರ ದಶಕದ ಕೊನೆಯಲ್ಲಿ ಸೊರಬದ ಕಡೆ ಗ್ರಾಮಸೇವಕಿಯಾಗಿ ಸೇರಿದಾಗ, ನಮ್ಮ ಸಾಹೇಬರು ಮೊದಲ ವಾರವೇ ನನ್ನ ಕೈಚಳಕ ನೋಡಿ, "ಚಾರ್ಟುಗಳನ್ನೆಲ್ಲ ಇನ್ಮೇಲೆ ನೀವೇ ಬರೀರಿ" ಎಂದುಬಿಟ್ಟರು. ನಾನು ಉಬ್ಬಿಹೋದೆ. ಚಾರ್ಟು ಬರೆಯುವುದು ರಂಗೋಲಿಗಿಂತ ಕಷ್ಟ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುವವಳಲ್ಲ.

ಆಗ ಎಲ್ಲಿ ನೋಡಿದರೂ ಭತ್ತದ ಸಾಲು ನಾಟಿಯ ಮಾತು. ಹಗ್ಗ ಎಳೆದು ಹಿಡಿದು, ಗೇಣು ಗೇಣು ಬಿಟ್ಟು ಸಸಿ ನೆಡಬೇಕು. ಕುಬಟೂರಿನಲ್ಲಿ ಇದಕ್ಕೆ ಒಪ್ಪಿದವರು ಒಬ್ಬರೇ, ಒಂದು ದೊಡ್ಡ ಮನೆಯ ಕಿರಿಯ ಸೊಸೆ. ನನಗಿಂತ ಹತ್ತು ವರ್ಷ ದೊಡ್ಡವರಾದ್ದರಿಂದ ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕೋರೆ ಎನ್ನುತ್ತಿದ್ದರು. ಮನೆಯವರನ್ನು ಕಾಡಿ ಬೇಡಿ ಒಂದು ತುಂಡು ಗದ್ದೆ ಬಿಡಿಸಿಕೊಂಡು ಸಾಲು ನಾಟಿ ಮಾಡಿಸಿದರು. ಹಿಂದಿನ ವರ್ಷ ಆರು ಚೀಲ ಕೊಟ್ಟಿದ್ದ ಗದ್ದೆ ಆ ಸಲ ಹನ್ನೆರಡು ಚೀಲ ಕೊಟ್ಟಿತು. ಅಳೆದ ದಿನ ಕಣದಲ್ಲಿ ನಾನೂ ಇದ್ದೆ.

ಸೊರಬದ ಸಂತೆಯ ದಿನ ನಮ್ಮದೊಂದು ಪ್ರದರ್ಶನ ಇತ್ತು. ಅದಕ್ಕೆ ನಾನು ಬರೆದ ಚಾರ್ಟನ್ನು ನೀವು ನೋಡಬೇಕಿತ್ತು. ಎಡಗಡೆ ಒಂದು ಸಣ್ಣ ಚೀಲ, ಬಲಗಡೆ ಒಂದು ದೊಡ್ಡ ಚೀಲ. ಇಮ್ಮಡಿ ಬೆಳೆ ಎಂದಮೇಲೆ ಇಮ್ಮಡಿ ಚೀಲ: ಚೌಕ ಹಾಕಿ, ಅಳತೆ ಹಿಡಿದು, ಎತ್ತರವನ್ನೂ ಅಗಲವನ್ನೂ ಕರಾರುವಾಕ್ಕಾಗಿ ಎರಡರಷ್ಟು ಮಾಡಿದ್ದೆ. ಗೋಣಿಯ ಹೊಲಿಗೆ ಕೂಡ ಬಿಡಿಸಿದ್ದೆ. ಕೆಳಗೆ ಆರು, ಹನ್ನೆರಡು ಎಂಬ ಅಂಕಿ, 'ಕುಬಟೂರಿನ ಸಾಲು ನಾಟಿ' ಎಂಬ ಬರಹ. ಸಾಹೇಬರು ಭೇಷ್ ಎಂದರು. ಸಂತೆಗೆ ಬಂದ ಜನ ಗುಂಪುಕಟ್ಟಿ ನೋಡಿ, ಇದು ಯಾವ ಊರಿನ ಬೆಳೆ ಎಂದು ಕೇಳಿ ತಿಳಿದುಕೊಂಡು ಹೋದರು.

ಸಂತೆ ಮುಗಿದಮೇಲೆ ಆ ಚಾರ್ಟನ್ನು ಆಫೀಸಿನ ಗೋಡೆಗೆ ತಗುಲಿಸಿದ್ದೆವು. ಎರಡು ದಿನ ಬಿಟ್ಟು ಅಕ್ಕ ಆಫೀಸಿಗೇ ಬಂದರು. ಮುಖ ಕೆಂಪಗಾಗಿತ್ತು.

"ಅಕ್ಕೋರೆ, ಮೊದ್ಲು ಆ ಚೀಲ ಇಳಿಸಿ."

ಸಂತೆಯಲ್ಲಿ ಆ ಚಾರ್ಟನ್ನು ಅವರ ಭಾವ, ಎಂದರೆ ಗಂಡನ ಅಣ್ಣ, ನೋಡಿದ್ದರಂತೆ. ಒಕ್ಕಲಾಟದ ಹೊತ್ತಿಗೆ ಭಾವ ಜ್ವರ ಬಂದು ಮಲಗಿದ್ದರು. ಅಳೆಸಿ ಚೀಲ ತುಂಬಿಸಿದ್ದು ಅಕ್ಕ ಮತ್ತು ಅವರ ಗಂಡ. ಮನೆಗೆ ಬಂದವರೇ ಭಾವ ತಾಯಿಯ ಕೈಲಿ ಕೇಳಿಸಿದರು: ಸರ್ಕಾರದ ಪಟದಲ್ಲಿ ಅಷ್ಟು ದೊಡ್ಡ ಬೆಳೆ ಇದೆ, ಮನೆಯಲ್ಲಿ ಹನ್ನೆರಡೇ ಚೀಲ ಇದೆ, ಉಳಿದ ಭತ್ತ ತವರಿಗೆ ಹೋಯಿತಾ? ಗಂಡ ಹನ್ನೆರಡೇ ಎಂದು ಸಾರಿ ಸಾರಿ ಹೇಳಿದರೂ, ಅವನು ಹೆಂಡತಿಯ ಕಡೆಯವನು, ಅವನ ಮಾತು ಬಿಡಿ ಎಂದಾಯಿತಂತೆ.

ನನಗೆ ಸಿಟ್ಟು ಬಂತು. ನನ್ನ ತಪ್ಪು ಎಂದರೆ ನನಗೆ ಮೊದಲು ಬರುವುದೇ ಸಿಟ್ಟು. "ಕೆಳಗೆ ಹನ್ನೆರಡು ಅಂತ ಬರ್ದಿದೀನಲ್ಲ ಅಕ್ಕ!"

"ಓದೋಕೆ ಬರೋದಾಗಿದ್ರೆ ಚಿತ್ರ ಯಾಕೆ ಬರೀಬೇಕಿತ್ತು?"

ಅವರು ಗೋಡೆಯ ಹತ್ತಿರ ಹೋಗಿ ಸಣ್ಣ ಚೀಲವನ್ನು ಗೇಣಿನಿಂದ ಅಳೆದರು. ಅದೇ ಗೇಣನ್ನು ದೊಡ್ಡ ಚೀಲದ ಮೇಲೆ ಕೆಳಗೆರಡು, ಮೇಲೆರಡು ಇಟ್ಟು ತೋರಿಸಿದರು. "ನೋಡಿ. ಇದ್ರೊಳಗೆ ಅದು ನಾಕು ಹಿಡೀತೈತೆ."

ನಾನು ಬೆಪ್ಪಾಗಿ ನಿಂತೆ. ನಾಲ್ಕು ಚುಕ್ಕಿ ನಾಲ್ಕು ಸಾಲಿನ ರಂಗೋಲಿಯನ್ನು ಎಂಟು ಚುಕ್ಕಿ ಎಂಟು ಸಾಲು ಮಾಡಿದರೆ ಪುಡಿ ಎರಡರಷ್ಟಲ್ಲ, ನಾಲ್ಕರಷ್ಟು ಬೇಕು ಎಂಬುದು ನನಗೆ ಏಳನೇ ವಯಸ್ಸಿನಲ್ಲೇ ಗೊತ್ತಿತ್ತು. ಅಂಗಳದಲ್ಲಿ ಗೊತ್ತಿದ್ದದ್ದು ಕಾಗದದ ಮೇಲೆ ಹೊಳೆದಿರಲಿಲ್ಲ. ನಾಚಿಕೆಯಾಯಿತು, ಜತೆಗೆ, ಯಾಕೋ, ನಗುವೂ ಬಂತು. ಅಕ್ಕನೂ ನಕ್ಕುಬಿಟ್ಟರು.

"ನಾನೇ ಬಂದು ನಿಮ್ಮನೇಲಿ ಹೇಳ್ತೀನಿ ಬಿಡಿ" ಎಂದೆ.

"ಬಾಯಲ್ಲಿ ನಾನೂ ಹೇಳ್ದೆ. ಅವ್ರು ನೋಡಿದ್ದು ಗೋಡೆ ಮೇಲೆ. ಗೋಡೆ ಮೇಲೇ ತೋರಿಸ್ಬೇಕು."

ಅವತ್ತು ಮಧ್ಯಾಹ್ನವೇ ಕೂತೆ. ಚೀಲ ಒಂದಿಷ್ಟೂ ಹೆಚ್ಚು ಕಮ್ಮಿ ಆಗಬಾರದೆಂದು ಗೆಣಸು ಕೊಯ್ದು ಒಂದು ಚೀಲದ ಅಚ್ಚು ಮಾಡಿಕೊಂಡು, ಬಣ್ಣದಲ್ಲಿ ಅದ್ದಿ ಒತ್ತಿದೆ. ಹಿಂದಿನ ವರ್ಷಕ್ಕೆ ಆರು, ಈ ವರ್ಷಕ್ಕೆ ಹನ್ನೆರಡು. ಚೆಂದ ಕಾಣಲೆಂದು ಹನ್ನೆರಡನ್ನು ಮೂರು ಸಾಲಿನಲ್ಲಿ ಪೇರಿಸಿದ್ದೆ. ಕಾಯುತ್ತ ಕೂತಿದ್ದ ಅಕ್ಕ ತಲೆ ಆಡಿಸಿದರು. "ಹಿಂಗೆ ಒಟ್ಟಿದ್ರೆ ಆರರ ಸಾಲೇ ಉದ್ದ ಕಾಣ್ತೈತೆ. ಪಕ್ಕಪಕ್ಕ ಇಡಿ." ಮತ್ತೊಂದು ಕಾಗದ ತೆಗೆದು, ಎರಡು ವರ್ಷಕ್ಕೂ ಎಡತುದಿ ಒಂದೇ ನೇರಕ್ಕೆ ಇಟ್ಟು, ಒಂದೊಂದೇ ಸಾಲು ಮಾಡಿದೆ. ಹೊಲಿಗೆ ಇಲ್ಲ, ಹೂಬಳ್ಳಿ ಇಲ್ಲ. ನೋಡಲು ಬಡಕಲು ಚಿತ್ರ. ಸಾಹೇಬರು, "ಮೊದಲಿನದೇ ಚೆನ್ನಾಗಿತ್ತಲ್ರೀ" ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಕುಬಟೂರಿಗೆ ಹೋಗಿ, ಅವರ ಮನೆಯ ಜಗಲಿಯ ಗೋಡೆಗೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲೇ ಮೊಳೆ ಹೊಡೆದು ತಗುಲಿಸಿದೆ. ಅಕ್ಕಪಕ್ಕದವರೆಲ್ಲ ಸೇರಿದರು. ಅಕ್ಕ ಒಳಬಾಗಿಲ ಹಿಂದೆ ನಿಂತರು. ಹಳೆಯ ಚೀಲದೊಳಗೆ ಸಣ್ಣದು ನಾಲ್ಕು ಹಿಡಿಯುವುದನ್ನು ಗೇಣಿಟ್ಟು ತೋರಿಸಿ, "ಇದು ನನ್ನ ತಪ್ಪು, ಬೆಳೆದೋರದ್ದಲ್ಲ" ಎಂದೆ. ಇವರು ಒಪ್ಪದಿದ್ದರೆ ಆ ಹೆಂಗಸು ಜೀವಮಾನವೆಲ್ಲ ಕದ್ದವಳು ಅನ್ನಿಸಿಕೊಂಡೇ ಈ ಮನೆಯಲ್ಲಿ ಉಣ್ಣಬೇಕು.

ಭಾವ ಎದ್ದು ಬಂದರು. ಹೊಸ ಚಿತ್ರದ ಮೊದಲ ಚೀಲದ ಮೇಲೆ ಬೆರಳಿಟ್ಟು, ಕಣದಲ್ಲಿ ಅಳೆಯುವಾಗ ಒಂದು ಎನ್ನದೆ ಲಾಭ ಎನ್ನುತ್ತಾರಲ್ಲ, ಹಾಗೆಯೇ ಶುರುಮಾಡಿದರು. "ಲಾಭ. ಎರಡು. ಮೂರು..." ಹೆಂಗಸರು, ಮಕ್ಕಳು ದನಿಗೂಡಿಸಿದರು. ಹನ್ನೆರಡಕ್ಕೆ ಬೆರಳು ನಿಂತಿತು. ಮುಂದೆ ಬರೀ ಬಿಳಿ ಕಾಗದ. ಅದನ್ನೂ ಒಮ್ಮೆ ಸವರಿ ನೋಡಿದರು.

"ಹನ್ನೆರಡೇ ಐತೆ ಅಕ್ಕೋರೆ. ನಮ್ಮನೇಲೂ ಹನ್ನೆರಡೇ" ಎಂದರು. ಜತೆಗೇ, "ಬರೋ ವರ್ಷ ಕೆರೆ ಕೆಳಗಿನ ದೊಡ್ಡ ಗದ್ದೆಗೂ ಹಗ್ಗ ಹಿಡೀಲಿ ಅಂತ ಹೇಳಿ."

"ಮೊದ್ಲು ತಪ್ಪಾತು ಅನ್ನೋಕೆ ಹೇಳಿ ಅಕ್ಕೋರೆ" ಎಂದಿತು ಬಾಗಿಲ ಹಿಂದಿನ ದನಿ.

ಜಗಲಿಯೆಲ್ಲ ಗೊಳ್ಳೆಂದು ನಕ್ಕಿತು. ಭಾವ ನಗಲಿಲ್ಲ. ಹೆಗಲ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಆ ಬಾಗಿಲ ಕಡೆಗೇ ತಿರುಗಿದರು.

"ತಪ್ಪಾತು ಕಣಮ್ಮ."

ಆಮೇಲೆ ಊಟಕ್ಕೆ ಕೂತಾಗ ಅಕ್ಕನ ಅತ್ತೆ ನನ್ನ ಎಲೆಗೆ ತುಪ್ಪ ಬಡಿಸುತ್ತ ಹೇಳಿದರು: ಮನೆಯ ಪದ್ಧತಿಯಂತೆ ಭಾವ ತಮ್ಮನ ಹೆಂಡತಿಯೊಡನೆ ನೇರವಾಗಿ ಮಾತಾಡುವಂತಿಲ್ಲ, ಸೊಸೆ ಬಂದ ಹದಿನಾಲ್ಕು ವರ್ಷದಲ್ಲಿ ಅವನು ಅವಳೊಡನೆ ಆಡಿದ ಮೊದಲ ಮಾತು ಅದು.