ಮೇಡಂ ಅಳಿಸಿದ ಒಂದು ವಾಕ್ಯ

ಟೈಪಿಂಗ್ ಮೇಡಂ ಅವರ ಎಡಗೈ ಕಿರುಬೆರಳು ಹೊರಕ್ಕೆ ಸೊಟ್ಟಗಿತ್ತು. ಹಳೆಯ ಕನ್ನಡ ಟೈಪ್‌ರೈಟರಿನ ಶಿಫ್ಟ್ ಕೀಲಿಯನ್ನು ವರ್ಷಗಟ್ಟಲೆ ಒತ್ತಿ ಒತ್ತಿ ಹಾಗಾಯಿತು ಎಂದು ಅವರು ಹೇಳುತ್ತಿದ್ದರು. ಅವರ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು, ಗಣಿ ಕೆಲಸದವರ ಸಾಲುಮನೆಗಳ ಆ ಲೈನಿನವರೆಲ್ಲ ಪಾಟಿ ಎಂದು ಕರೆಯುತ್ತಿದ್ದರು. ಆಕೆ, "ಸುಳ್ಳು, ಹುಟ್ಟಿದಾಗ್ಲೇ ಸೊಟ್ಟ, ನಾನೇ ಎಣ್ಣೆ ಹಚ್ಚಿ ನೀವಿದೀನಿ" ಎನ್ನುತ್ತಿದ್ದರು. ಮೇಡಂ ಏನು ಹೇಳಿದರೂ ಅದಕ್ಕೆ ಇಲ್ಲ ಅನ್ನುವುದು ಪಾಟಿಯ ಅಭ್ಯಾಸ. ಇಬ್ಬರಲ್ಲಿ ಯಾರ ಮಾತು ನಿಜ ಅಂತ ನಾನೊಮ್ಮೆ ಕೇಳಿದೆ. ಮೇಡಂ ನಕ್ಕು, "ಎರಡಕ್ಕೂ ಆಧಾರ ಇಲ್ಲಮ್ಮಾ" ಅಂದರು.

ಆ ಆಧಾರ ಅನ್ನುವ ಪದ ಅವರ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತಿತ್ತೋ ದೇವರೇ ಬಲ್ಲ.

ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಹತ್ತಿರ, ಒಂದು ಸೈಕಲ್ ಅಂಗಡಿಯ ಮಹಡಿಯಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಅವರು ಚಿನ್ನದ ಗಣಿಯ ಊರಾದ ಕೋರಮಂಡಲ್‌ನಿಂದ ಮಾರಿಕುಪ್ಪಂ ರೈಲುಗಾಡಿಯಲ್ಲಿ ಬರುತ್ತಿದ್ದರು. ನಾನು ಬೂದಿಕೋಟೆಯ ಕಡೆಯವಳು. ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಬಸ್ಸಿಗೆ ಓಡಿ ಬರುತ್ತಿದ್ದೆ. ಮೊದಲ ದಿನ ನಾನು ಮಿಷಿನ್ ಮುಂದೆ ಕೂತದ್ದೇ ತಡ, ಮೇಡಂ ಮೂಗು ಅರಳಿಸಿ, "ಕೈ ತೊಳ್ಕೊಂಡು ಬಾಮ್ಮಾ. ಹಸು ಟೈಪ್ ಮಾಡಲ್ಲ" ಅಂದರು. ಕ್ಲಾಸೆಲ್ಲ ಗೊಳ್ಳೆಂದಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಂಜೆ ಹೋಗುವಾಗ ಅವರೇ ಕರೆದು ಸ್ಟೇಷನ್ ರಸ್ತೆಯ ಪಾನಿಪುರಿ ಕೊಡಿಸಿದರು. ಸಿಟ್ಟು ಇಳಿಯಿತು. ಬಂಗಾರಪೇಟೆ ಪಾನಿಪುರಿ ತಿಂದು ಯಾರ ಸಿಟ್ಟು ಇಳಿದಿಲ್ಲ ಹೇಳಿ.

ಅವರ ಮನೆಮಾತು ತಮಿಳು. ಅಪ್ಪ ಗಣಿಯಲ್ಲಿ ಕೆಲಸಕ್ಕಿದ್ದವರು. "ಕನ್ನಡ ನಂಗೆ ಬೆರಳಿಂದ ಬಂತು, ಬಾಯಿಗೆ ಆಮೇಲೆ ಹತ್ತಿತು" ಎಂದು ಹೇಳಿಕೊಳ್ಳುತ್ತಿದ್ದರು. ತೆಲುಗನ್ನು ಸಿನಿಮಾ ಪೋಸ್ಟರ್ ನೋಡಿ ಕೂಡಿಸಿ ಓದಲು ಕಲಿತರಂತೆ. ಯಾರನ್ನಾದರೂ ಬೈಯುವಾಗ ಮೂರೂ ಭಾಷೆ ಒಟ್ಟಿಗೆ ಬರುತ್ತಿದ್ದವು. ಹಾಗೆ ಬೈಸಿಕೊಂಡ ಪುಣ್ಯವಂತರಲ್ಲಿ ನಾನೇ ಮೊದಲಿಗಳು.

ಟೈಪ್‌ರೈಟರುಗಳು ಮೂಲೆ ಸೇರಿ ಕಂಪ್ಯೂಟರ್ ಬಂದ ಮೇಲೆ ಮೇಡಂಗೆ ಹೊಸ ಹುಚ್ಚು ಹಿಡಿಯಿತು. ಅಂತರ್ಜಾಲದಲ್ಲಿ ಒಂದು ವಿಶ್ವಕೋಶವಿದೆ. ಅದನ್ನು ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ನಮ್ಮ ದೇಶದ ಒಂದೊಂದು ಭಾಷೆಗೂ ಒಂದೊಂದು. ಮಧ್ಯಾಹ್ನ ಬುತ್ತಿ ಬಿಚ್ಚಿ, ಒಂದು ಕೈಯಲ್ಲಿ ಮೊಸರನ್ನ ತಿನ್ನುತ್ತ ಇನ್ನೊಂದು ಕೈಯಲ್ಲಿ ಮೇಡಂ ಅದನ್ನು ತಿದ್ದುತ್ತಿದ್ದರು.

"ಎಷ್ಟು ಕೊಡ್ತಾರೆ ಮೇಡಂ ಇದಕ್ಕೆ?" ಎಂದು ಕೇಳಿದೆ.

"ಏನೂ ಇಲ್ಲ."

"ಮತ್ಯಾಕ್ ಮೇಡಂ ಇಷ್ಟೊಂದು ಕಣ್ ಕಳ್ಕೋತೀರಾ?"

"ನಿಮ್ಮೂರ ಕೆರೆ ಏರಿ ಒಡೆದ್ರೆ ಮಣ್ಣು ಹಾಕೋಕೆ ಯಾರಾದ್ರೂ ಕೂಲಿ ಕೇಳ್ತಾರಾ?"

ನಮ್ಮೂರಿನಲ್ಲಿ ಖಂಡಿತ ಕೇಳುತ್ತಾರೆ. ಆದರೆ ಊರಿನ ಮಾನ ಯಾಕೆ ಕಳೆಯುವುದು ಅಂತ ಸುಮ್ಮನಾದೆ.

ಒಂದೇ ಊರಿನ ಬಗ್ಗೆ ಮೂರು ಭಾಷೆಯ ಪುಟಗಳನ್ನೂ ತೆರೆದಿಟ್ಟುಕೊಂಡು ಓದುವುದೆಂದರೆ ಅವರಿಗೆ ಬಲು ಇಷ್ಟ. "ನೋಡಿಲ್ಲಿ, ಉರಿಗಾಂ ಕತೆ ತಮಿಳಲ್ಲಿ ಇಷ್ಟುದ್ದ ಇದೆ. ಕನ್ನಡದಲ್ಲಿ ಮೂರೇ ಸಾಲು. ಅದೇ ಊರು ತಾನೇ? ಕನ್ನಡದೋರಿಗೆ ಮೂರು ಸಾಲಷ್ಟೇ ಊರಾ?" ಎನ್ನುವರು. ಆಮೇಲೆ ಲೈಬ್ರರಿಗೆ ಹೋಗಿ, ಪುಸ್ತಕ ಹುಡುಕಿ, ಪುಟದ ಸಂಖ್ಯೆ ಸಮೇತ ತಂದು ಕನ್ನಡದಲ್ಲಿ ಕೂಡಿಸುವರು. ಕಣ್ಣಾರೆ ಕಂಡದ್ದನ್ನು ಬರೆಯುವ ಹಾಗಿಲ್ಲ, ಅಚ್ಚಾದದ್ದನ್ನು ಮಾತ್ರ ಬರೆಯಬೇಕು, ಅದು ಅಲ್ಲಿನ ಕಾನೂನು. ನನಗಿದು ತಲೆಗೆ ಹತ್ತಲೇ ಇಲ್ಲ. ಕಣ್ಣಿಗಿಂತ ಕಾಗದ ದೊಡ್ಡದಾ? "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಿಮ್ಮ ಕನ್ನಡದೋರೇ ಹೇಳಿರೋದು, ನಾನಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದರು.

ಅವರ ಒತ್ತಾಯಕ್ಕೆ ನಾನೂ ಬರೆದೆ. ನನ್ನ ಮೊದಲ ವಾಕ್ಯ, "ನಮ್ಮೂರು ಬಹಳ ಸುಂದರವಾದ ಊರು." ಮೇಡಂ ಅದನ್ನು ಓದಿ, "ಸುಂದರ ಅಂತ ಯಾರು ಹೇಳಿದ್ದು? ನಿಮ್ಮಪ್ಪನಾ?" ಅಂದರು. ಹೌದು, ನಮ್ಮಪ್ಪನೇ ಹೇಳಿದ್ದು. ವಾಕ್ಯ ಹೋಯಿತು.

ಇನ್ನೊಂದು ತಮಾಷೆ ಹೇಳಬೇಕು. ಆ ವಿಶ್ವಕೋಶದ ಪ್ರತಿ ಪುಟದ ಹಿಂದೆ ಒಂದು ಚರ್ಚೆಯ ಪುಟವಿರುತ್ತದೆ. ತಿದ್ದುವವರು ಜಗಳವಾಡುವುದು ಅಲ್ಲಿ. ಎದುರಿಗೆ ನನ್ನನ್ನು ಕತ್ತೆ, ಕೋಣ, ಮಂಡೆಯಲ್ಲಿ ಸಗಣಿ ಎಂದೆಲ್ಲ ಬೈಯುವ ಮೇಡಂ, ಅಲ್ಲಿ ಮಾತ್ರ "ಮಾನ್ಯರೇ, ತಮ್ಮ ಕೊಡುಗೆಗೆ ವಂದನೆಗಳು. ದಯವಿಟ್ಟು ಆಧಾರ ಒದಗಿಸಿ" ಎಂದು ಬರೆಯುತ್ತಿದ್ದರು. ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಫ್ಯಾನಿನ ಕೆಳಗೆ ಕೂತಿರುತ್ತಿದ್ದೆವು! "ಏನ್ ಮೇಡಂ, ಇಲ್ಲೇ ಇದೀನಲ್ಲ, ಬಾಯಲ್ಲೇ ಯೋಳ್ಬಾರ್ದಾ?" ಎಂದರೆ, "ಅಲ್ಲಿ ನೀನು ನನ್ನ ಸ್ಟೂಡೆಂಟ್ ಅಲ್ಲ, ನಾನು ನಿನ್ನ ಮೇಡಂ ಅಲ್ಲ. ಅಲ್ಲಿ ಎಲ್ಲರೂ ಮಾನ್ಯರೇ" ಎನ್ನುತ್ತಿದ್ದರು. ಹಸು ಕರೆಯುವ ನನ್ನನ್ನು ಜೀವನದಲ್ಲಿ ಮೊದಲ ಸಲ ಮಾನ್ಯರೇ ಅಂದವರು ಅವರು. ಒಳಗೊಳಗೇ ಹಿಗ್ಗುತ್ತಿದ್ದೆ, ಅದನ್ನು ಮುಚ್ಚಿಡುವುದೇಕೆ.

ಇನ್ನು ಆ ವಾಕ್ಯದ ಕತೆ.

ಕೋರಮಂಡಲ್ ಬಗೆಗಿನ ಪುಟದಲ್ಲಿ ಒಂದು ವಾಕ್ಯವಿತ್ತು: "ಗಣಿ ಮುಚ್ಚಿದ ದಿನ ಕೊನೆಯ ಸೈರನ್ ಎಂದಿಗಿಂತ ಹೆಚ್ಚು ಹೊತ್ತು ಕೂಗಿತು." ಅದರ ಪಕ್ಕದಲ್ಲಿ "ಆಧಾರ ಬೇಕು" ಎಂಬ ಸಣ್ಣ ಗುರುತು. ಹಾಗೆ ಗುರುತು ಹಾಕಿದ ವಾಕ್ಯವನ್ನು, ಯಾರಾದರೂ ಆಧಾರ ತಂದಾರು ಎಂದು ಸ್ವಲ್ಪ ಕಾಲ ಬಿಟ್ಟಿರುತ್ತಾರೆ. ಇದು ವರ್ಷಗಟ್ಟಲೆ ಹಾಗೇ ಉಳಿದಿತ್ತು. ಬೇರೆ ಕಡೆ ಹುಲ್ಲುಕಡ್ಡಿಯನ್ನೂ ಬಿಡದ ಮೇಡಂ ಇದೊಂದನ್ನು ಯಾಕೆ ಬಿಟ್ಟಿದ್ದಾರೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ಒಂದು ಭಾನುವಾರ ಪತ್ರಿಕೆಯೊಂದರಲ್ಲಿ ಗಣಿ ಊರುಗಳ ಬಗ್ಗೆ ಲೇಖನ ಬಂತು. ಅದರಲ್ಲಿ ಆ ವಾಕ್ಯ ಕಂಡಿತು! ಅಚ್ಚಿನಲ್ಲಿ! ನನಗೆ ನಿಧಿ ಸಿಕ್ಕಿದಷ್ಟು ಖುಷಿ. ಕೂಡಲೇ ಪತ್ರಿಕೆಯನ್ನು ಆಧಾರವಾಗಿ ಸೇರಿಸಿ, ಗುರುತು ತೆಗೆದುಹಾಕಿ, ಸೋಮವಾರ ಮಹಡಿಯ ಮೆಟ್ಟಿಲ ಮೇಲಿಂದಲೇ ಕೂಗಿದೆ, "ಮೇಡಂ, ಸಿಕ್ತು! ಸೈರನ್‌ಗೆ ಆಧಾರ ಸಿಕ್ತು!"

ಮೇಡಂ ಪತ್ರಿಕೆ ತೆಗೆದುಕೊಂಡರು. ಓದಿದರು. ಮತ್ತೆ ಓದಿದರು. ಅವರ ಮುಖ ಅರಳಿದ್ದನ್ನು ನಾನು ನೋಡಿದೆ, ಆಣೆ ಮಾಡಿ ಹೇಳುತ್ತೇನೆ. ಆಮೇಲೆ ಅದು ನಿಧಾನವಾಗಿ ಬಾಡಿತು. ಕಂಪ್ಯೂಟರಿನಲ್ಲಿ ಆ ಪುಟದ ಇತಿಹಾಸ ತೆರೆದು ತೋರಿಸಿದರು. ಯಾರು ಯಾವಾಗ ಏನು ಸೇರಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಆ ವಾಕ್ಯ ಬರೆದವರು ಮೇಡಂ. ವಿಶ್ವಕೋಶದಲ್ಲಿ ಅವರು ಬರೆದ ಮೊಟ್ಟಮೊದಲ ವಾಕ್ಯ ಅದು, ಕಾನೂನು ಗೊತ್ತಿಲ್ಲದ ದಿನಗಳದು. ಕಾನೂನು ಗೊತ್ತಾದ ಮೇಲೆ "ಆಧಾರ ಬೇಕು" ಎಂಬ ಗುರುತನ್ನು ಹಾಕಿದವರೂ ಅವರೇ.

"ಪೇಪರ್‌ನೋರು ಇದನ್ನ ನೋಡ್ಕೊಂಡೇ ಬರೆದವ್ರೆ. ಅಕ್ಷರ ಅಕ್ಷರ ನಂದು. ಈಗ ನೀನು ಅದನ್ನ ತಂದು ಇದಕ್ಕೆ ಆಧಾರ ಅಂತೀಯ. ನನಗೆ ನಾನೇ ಸಾಕ್ಷೀನಾ?" ಎಂದರು.

"ಅದ್ಯಾರಿಗ್ ಗೊತ್ತಾಯ್ತದೆ ಮೇಡಂ? ಅಚ್ಚಾಗೈತಲ್ಲ, ಸಾಕು ಬಿಡಿ."

"ನಂಗೆ ಗೊತ್ತಲ್ಲ."

ಅಷ್ಟು ಹೇಳಿ ಇಡೀ ವಾಕ್ಯವನ್ನೇ ಅಳಿಸಿಬಿಟ್ಟರು. ಗುರುತು ಹಾಕಿ ಇಟ್ಟರೂ ಜನ ನಂಬುತ್ತಾರೆ, ಇಷ್ಟು ದಿನ ಇಟ್ಟಿದ್ದೇ ತಪ್ಪಾಯಿತು ಎಂದರು.

ನಾನೂ ಬೂದಿಕೋಟೆ ಕಡೆಯವಳು, ಅಷ್ಟು ಸುಲಭಕ್ಕೆ ಬಿಡುತ್ತೇನೆಯೇ? ಮನೆಗೆ ಹೋಗಿ ಫೋನಿನಲ್ಲೇ ವಾಕ್ಯವನ್ನು ಮತ್ತೆ ಸೇರಿಸಿದೆ. ಅವರು ತೆಗೆದರು. ನಾನು ಸೇರಿಸಿದೆ. ಅವರು ತೆಗೆದು, ಚರ್ಚೆಯ ಪುಟದಲ್ಲಿ ಬರೆದರು: "ಮಾನ್ಯರೇ, ಸದರಿ ಪತ್ರಿಕೆಯ ಲೇಖನವು ಇದೇ ಪುಟವನ್ನು ಆಧರಿಸಿದೆ. ದಯವಿಟ್ಟು ಸ್ವತಂತ್ರ ಆಧಾರ ದೊರೆತ ನಂತರವೇ ಸೇರಿಸಿ." ನನಗೆ ಅಳು ಬಂತು. ಉತ್ತರ ಬರೆಯಲಿಲ್ಲ.

ಎರಡು ದಿನ ಮಾತು ಬಿಟ್ಟಿದ್ದೆ. ಮೂರನೆಯ ದಿನ ಮೇಡಂ ಪಾನಿಪುರಿ ಗಾಡಿಯ ಹತ್ತಿರ ಕರೆದುಕೊಂಡು ಹೋದರು. ತಿನ್ನದೆ, ತಟ್ಟೆ ಕೈಯಲ್ಲಿ ಹಿಡಿದು ನಿಂತು ಹೇಳಿದರು.

"ಸೈರನ್‌ನ ನಾವು ಸಂಗು ಅಂತಿದ್ವಿ. ಅದನ್ನ ಊದ್ತಾ ಇದ್ದಿದ್ದು ನಮ್ಮಪ್ಪ. ಕೊನೇ ದಿನಾನೂ ಅವ್ರೇ. ಅವತ್ತು ನಾನು ಮನೇಲಿದ್ದೆ. ಸಂಗು ನಿಲ್ತಾನೇ ಇಲ್ಲ ಅನ್ನಿಸ್ತು. ಅಪ್ಪಂಗೆ ಕೈ ತೆಗೆಯೋಕೆ ಆಗ್ತಾ ಇಲ್ಲ ಅನ್ಕೊಂಡೆ. ಮನೆಗೆ ಬಂದ್ರು, ಕೈ ತೊಳೆದ್ರು, ಊಟಕ್ಕೆ ಕೂತ್ರು. ಒಂದು ಮಾತೂ ಇಲ್ಲ. ಸಾಯೋವರೆಗೂ ಅದರ ಬಗ್ಗೆ ಮಾತಾಡ್ಲಿಲ್ಲ. ನಾನೂ ಕೇಳ್ಲಿಲ್ಲ."

"ಮತ್ತೆ ನಿಜಾನೇ ಅಲ್ವಾ ಮೇಡಂ?"

"ಗೊತ್ತಿಲ್ಲ ಕಣಮ್ಮಾ. ಕೇಳಿದ್ದು ಮಗಳ ಕಿವಿ. ಉದ್ದ ಕೂಗ್ತೋ, ನಂಗೆ ಉದ್ದ ಕೇಳಿಸ್ತೋ."

"ಲೈನ್‌ನಾಗಿರೋರ್ನ ಕೇಳ್ಬೋದಿತ್ತಲ್ಲ?"

"ಕೇಳಿದ್ರೆ ಎಲ್ರೂ ನನ್ನ ಮುಖ ನೋಡಿ ಹೌದು ಅಂತಾರೆ. ಪಾಟಿ ಒಬ್ಳು ಇಲ್ಲ ಅಂತಾಳೆ. ಎರಡೂ ಬೇಡ ನಂಗೆ." ಆಮೇಲೆ, "ಅಪ್ಪನ ಬಗ್ಗೆ ಲೋಕದಲ್ಲಿ ಇದ್ದಿದ್ದು ಅದೊಂದೇ ವಾಕ್ಯ. ಅದರಲ್ಲೂ ಅವ್ರ ಹೆಸರು ಇರ್ಲಿಲ್ಲ" ಎಂದರು. ಕಣ್ಣು ತುಂಬಿತ್ತು. ಗಾಡಿಯವನು ಖಾರ ಜಾಸ್ತಿಯಾಯಿತೆಂದು ತಿಳಿದು ನೀರು ಕೊಟ್ಟ. ಮೇಡಂ ಕುಡಿದರು.

ಅದಾದ ಮೇಲೆ ಆ ವಾಕ್ಯದ ಮಾತು ನಾವು ಎತ್ತಲಿಲ್ಲ. ನಾನು ಬಂಗಾರಪೇಟೆಯಲ್ಲೇ ಡಿಟಿಪಿ ಅಂಗಡಿ ಇಟ್ಟೆ. ಪೂಜೆಯ ದಿನ ಮೇಡಂ ಬಂದು ಮೊದಲ ಅಕ್ಷರ ಹೊಡೆದರು, ಸೊಟ್ಟ ಬೆರಳಿನಲ್ಲೇ. ಅವರ ಇನ್‌ಸ್ಟಿಟ್ಯೂಟಿಗೆ ಮಕ್ಕಳು ಕಡಿಮೆಯಾಗುತ್ತ ಬಂದರೂ ವಿಶ್ವಕೋಶದ ಕೆಲಸ ನಿಲ್ಲಲಿಲ್ಲ. ನನ್ನ ತಪ್ಪು ಕಂಡ ಕೂಡಲೇ "ಮಾನ್ಯರೇ" ಎಂದು ಬರೆಯುತ್ತಿದ್ದರು. ಆಮೇಲೆ ಫೋನ್ ಮಾಡಿ ಬೈಯುತ್ತಿದ್ದರು.

ಹೋದ ವರ್ಷ ಜ್ವರವೆಂದು ಮಲಗಿದವರು ಏಳಲಿಲ್ಲ. ಸುದ್ದಿ ಕೇಳಿ ನಾನು ಸಿಕ್ಕಿದ ಗಾಡಿ ಹತ್ತಿ ಕೋರಮಂಡಲ್‌ಗೆ ಹೋದೆ. ಅವರ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಕಿರುಬೆರಳು ಮಾತ್ರ ಸಾಲಿಗೆ ಸೇರದೆ ಹೊರಗೇ ಇತ್ತು. ಅದನ್ನು ನೋಡಿ ನಾನು ಬಿಕ್ಕಿ ಬಿಕ್ಕಿ ಅತ್ತೆ.

ಗಂಡಸರು ಮಣ್ಣಿಗೆ ಹೋದ ಮೇಲೆ ನಾವು ಹೆಂಗಸರು ಜಗಲಿಯಲ್ಲಿ ಕೂತಿದ್ದೆವು. ಪಾಟಿಗೆ ನನ್ನ ಪರಿಚಯ ಅಷ್ಟಕ್ಕಷ್ಟೆ. ಯಾರೂ ಏನೂ ಕೇಳಿರಲಿಲ್ಲ. ಆಕೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, ತನ್ನಷ್ಟಕ್ಕೆ ತಾನೇ ಶುರು ಮಾಡಿದರು.

"ಅಪ್ಪನ ಥರಾನೇ ಹೋದ್ಲು, ಬಾಯಿ ಬಿಡ್ದೆ. ಅವ್ನೂ ಹಂಗೇ. ಆ ಕೊನೇ ದಿನ ಸಂಗು ಊದ್ದ ನೋಡು, ನಿಲ್ಸಲೇ ಇಲ್ಲಮ್ಮಾ. ದಿನಾ ಸಂಗು ನಿಂತ್ಮೇಲೆ ನಾನು ಅನ್ನ ಬಸೀತಿದ್ದೆ. ಅವತ್ತು ಈಗ ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ ಕಾದೆ. ಅನ್ನ ತಳ ಹತ್ಕೊಂಡ್ಬಿಡ್ತು. ನಮ್ಮನೆಯೋರ ಹತ್ರ ಬೈಸ್ಕೊಂಡೆ."

ನಾನು ಆಕೆಯ ಹತ್ತಿರಕ್ಕೆ ಸರಿದೆ. "ಇದನ್ನ ಮೇಡಂಗೆ ಯೋಳಿದ್ರಾ ಅಜ್ಜಿ?"

"ಅನ್ನ ಸೀದಿದ್ದನ್ನ ಯಾರಾದ್ರೂ ಹೇಳ್ಕೊಂಡು ಓಡಾಡ್ತಾರಾ? ಅವಳೂ ಕೇಳ್ಲಿಲ್ಲ."

ಗೋಡೆಗೆ ಗೋಡೆ ಅಂಟಿದ ಮನೆಗಳು ಅವು. ಈ ಕಡೆ ಮೇಡಂ ಆಧಾರವಿಲ್ಲವೆಂದು ಅಪ್ಪನನ್ನು ಅಳಿಸಿದರು. ಆ ಕಡೆ ಆಧಾರ ಒಲೆಯ ಮುಂದೆ ಕೂತಿತ್ತು. 

ಈಗ ವಾಕ್ಯವನ್ನು ಮತ್ತೆ ಸೇರಿಸಿದರೆ ತೆಗೆಯುವವರಿಲ್ಲ. ಎಷ್ಟೋ ಸಲ ಪುಟ ತೆರೆದು, ಬೆರಳು ಕೀಲಿಯ ಮೇಲಿಟ್ಟು, ಮುಚ್ಚಿದ್ದೇನೆ. ಪಾಟಿಯ ಮಾತು ಬಾಯಿಮಾತು, ಅಚ್ಚಾಗಿಲ್ಲ. ಅದಕ್ಕೇ ಇದನ್ನು ಬರೆದೆ. ಆಕೆ ಹೇಳಿದ್ದನ್ನು ಹೇಳಿದ ಹಾಗೆಯೇ ಇಟ್ಟಿದ್ದೇನೆ, ಉಪ್ಪು ಖಾರ ಹಚ್ಚಿಲ್ಲ. ಆದರೆ ನಾನೇ ಬರೆದದ್ದನ್ನು ನಾನೇ ಆಧಾರವೆಂದು ಒಯ್ದರೆ ಮೇಡಂ ಮಣ್ಣಿನಿಂದ ಎದ್ದು ಬಂದು ಮೂರು ಭಾಷೆಯಲ್ಲಿ ಬೈಯುತ್ತಾರೆ. ಅವರನ್ನೂ ನನ್ನನ್ನೂ ಅರಿಯದ ಯಾರೋ ಒಬ್ಬರು ಇದನ್ನು ಓದಿ, ತೂಗಿ ನೋಡಿ, ಸರಿ ಎನಿಸಿದರೆ ಸೇರಿಸಲಿ.

ಆ ಚರ್ಚೆಯ ಪುಟದಲ್ಲಿ ಮೇಡಂ ಬರೆದ ಸಾಲು ಇವತ್ತಿಗೂ ಹಾಗೇ ಇದೆ. ಅಂದು ಸಿಟ್ಟಿನಲ್ಲಿ ಉತ್ತರ ಕೊಟ್ಟಿರಲಿಲ್ಲ. ಮೊನ್ನೆ ಅಂಗಡಿಯಲ್ಲಿ, ಕೈ ತೊಳೆದುಕೊಂಡು ಬಂದು ಕೂತು, ಅದರ ಕೆಳಗೆ ಬರೆದೆ: "ಮಾನ್ಯರೇ, ಸ್ವತಂತ್ರ ಆಧಾರ ದೊರೆತಿದೆ. ಅಚ್ಚಿಗೆ ಕೊಟ್ಟಿದ್ದೇನೆ. ಬೇರೆಯವರು ಸೇರಿಸುವವರೆಗೆ ಕಾಯುತ್ತೇನೆ."